ಲೋಹ ಎಲ್ಲಿಗೆ ಹೋಯ್ತು? ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ, ‘ಸೀಸ, ಕ್ರೋಮಿಯಂ ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ’ ಎಂದು ಒಂದು ಸಾಲು ಸೇರಿಸಿಬಿಟ್ಟಿದ್ದೆ. ದಾವಣಗೆರೆಯಲ್ಲಿ 31 ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿದವನು ‘ತಿನ್ನುವ’ ಎಂದು ಬರೆಯಬಾರದಿತ್ತು. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ನಾನೇ ಒಂದು ಅಂಕ ಕಳೆಯುತ್ತಿದ್ದೆ. ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಆ ಒಂದು ಪದಕ್ಕೇ ಜೋತುಬಿದ್ದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಪ್ರಶ್ನೆ: ನಮ್ಮ ಹೊಲದ ಮೇಲ್ಗಡೆ ಹಳೆಯ ಗಣಿಯಿಂದ ತೆಗೆದ ಕಲ್ಲಿನ ಗುಡ್ಡೆ ಇದೆ. ಮಳೆ ಬಂದಾಗ ಅಲ್ಲಿಂದ ಕೆಂಪು, ಹಳದಿ ನೀರು ಇಳಿಯುತ್ತದೆ. ಅದು ಹರಿದ ಕಡೆ ಹುಲ್ಲೂ ಹುಟ್ಟುವುದಿಲ್ಲ. ನೀವು ಬರೆದ ಬ್ಯಾಕ್ಟೀರಿಯಾ ಒಂದು ಕ್ಯಾನ್ ತಂದು ಸುರಿದರೆ ನೀರು ಶುದ್ಧವಾಗುತ್ತದೆಯೇ? ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು?
– ಒಬ್ಬ ರೈತರು, ಚಿತ್ರದುರ್ಗ ತಾಲ್ಲೂಕು

ಸ್ವಾಮಿ, ಯಾರಾದರೂ ಅಂಥ ಕ್ಯಾನ್ ಹಿಡಿದುಕೊಂಡು ಬಂದರೆ ಚಹಾ ಕೊಟ್ಟು ಕಳಿಸಿಬಿಡಿ, ದುಡ್ಡು ಕೊಡಬೇಡಿ. ಯಾಕೆಂದರೆ ಆ ಕೆಂಪು ನೀರು ಆಗುವುದರಲ್ಲೇ ಬ್ಯಾಕ್ಟೀರಿಯಾದ ಕೈವಾಡ ಇರುತ್ತದೆ.

ನಿಮ್ಮ ಸೀಮೆಯ ಇಂಗಳದಾಳದ ತಾಮ್ರದ ಅದಿರನ್ನೇ ನೋಡಿ. ಅದರಲ್ಲಿ ತಾಮ್ರವೂ ಕಬ್ಬಿಣವೂ ಗಂಧಕದ ಜೊತೆ ಬಿಗಿಯಾಗಿ ಕಟ್ಟಿಕೊಂಡು ಕೂತಿವೆ. ನೆಲದಡಿ ಗಾಳಿ ಆಡುವುದಿಲ್ಲ. ಹಾಗಾಗಿ ಕೋಟ್ಯಂತರ ವರ್ಷ ಸುಮ್ನೆ ಮಲಗಿರುತ್ತವೆ. ಕಲ್ಲು ಒಡೆದು ಹೊರಗೆ ರಾಶಿ ಹಾಕಿದ ಮೇಲೆ ಗಾಳಿ ತಗುಲುತ್ತದೆ, ಮಳೆ ಬೀಳುತ್ತದೆ. ಆಗ ಬರುತ್ತಾನೆ ಒಬ್ಬ ಅತಿಥಿ. ಹೆಸರು ಅಸಿಡಿಥಿಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. ನಾವು ಓದುವಾಗ ಬರೀ ಥಿಯೋಬ್ಯಾಸಿಲಸ್ ಆಗಿತ್ತು. 2000ದಲ್ಲಿ ಹೆಸರು ಬದಲಿಸಿದರು, ನನ್ನ ನಾಲಿಗೆ ಇನ್ನೂ ಬದಲಾಗಿಲ್ಲ. 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಯ ಹುಳಿ ನೀರಿನಲ್ಲಿ ಕೋಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು ಇದನ್ನು ಗುರುತಿಸಿದರು. ಇದಕ್ಕೆ ಸಕ್ಕರೆ ಬೇಡ, ಸಗಣಿ ಬೇಡ. ಕಬ್ಬಿಣಕ್ಕೂ ಗಂಧಕಕ್ಕೂ ತುಕ್ಕು ಹಿಡಿಸಿ, ಅದರಲ್ಲಿ ಹುಟ್ಟುವ ಶಕ್ತಿಯಿಂದಲೇ ಬದುಕುತ್ತದೆ. ಈ ಕೆಲಸದಲ್ಲಿ ಗಂಧಕಾಮ್ಲ ತಯಾರಾಗುತ್ತದೆ. ನೀರು ನಿಂಬೆರಸದಷ್ಟು ಹುಳಿಯಾಗುತ್ತದೆ, ಪಿಎಚ್ ಸುಮಾರು 2ಕ್ಕೆ ಇಳಿಯುವುದೂ ಉಂಟು. ಆ ಹುಳಿಗೆ ಕಲ್ಲಿನಲ್ಲಿದ್ದ ತಾಮ್ರ, ಸತು ಎಲ್ಲ ಕರಗಿ ಹೊರಡುತ್ತವೆ. ಕೆಂಪು ಹಳದಿ ಬಣ್ಣ ಕಬ್ಬಿಣದ್ದು. ಸ್ಪೇನ್ ದೇಶದಲ್ಲಿ ರಿಯೊ ಟಿಂಟೊ ಎಂಬ ಇಡೀ ನದಿಯೇ ಹೀಗೆ ಕೆಂಪಾಗಿ ಹರಿಯುತ್ತದೆ.

ತೊಂಬತ್ತರ ದಶಕದಲ್ಲಿ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಇಂಗಳದಾಳಕ್ಕೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗ ಹೊಂಡದ ನೀಲಿ ಛಾಯೆಯ ನೀರನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿಕೊಂಡ. ವಾಪಸು ಬಂದು ಅದರಲ್ಲಿ ನಾಲ್ಕು ಕಬ್ಬಿಣದ ಮೊಳೆ ಹಾಕಿಟ್ಟೆವು. ಬೆಳಿಗ್ಗೆ ನೋಡಿದರೆ ಮೊಳೆಗಳು ಹೊಸ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿದ್ದವು! ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೇಳಿದೆ: ‘ಮೊಳೆಯ ಕಬ್ಬಿಣ ಎಲ್ಲಿಗೆ ಹೋಯ್ತು?’ ಯಾರೂ ಬಾಯಿ ಬಿಡಲಿಲ್ಲ. ಅದು ನೀರಿಗಿಳಿದಿತ್ತು. 56 ಗ್ರಾಂ ಕಬ್ಬಿಣ ನೀರಿಗಿಳಿದರೆ ಸುಮಾರು 63.5 ಗ್ರಾಂ ತಾಮ್ರ ಮೊಳೆಗೆ ಹತ್ತುತ್ತದೆ. ಎರಡೂ ಲೋಹಗಳು ಜಾಗ ಅದಲುಬದಲು ಮಾಡಿಕೊಂಡಿದ್ದವು, ಅಷ್ಟೇ. ಅವತ್ತಿನಿಂದ ಈ ವಿಷಯದಲ್ಲಿ ಯಾರು ಏನೇ ಹೇಳಿದರೂ ನಾನು ಕೇಳುವುದು ಅದೊಂದೇ ಪ್ರಶ್ನೆ.

‘ತಿನ್ನುವ’ ಎಂಬ ಪದಕ್ಕೆ ಬಂದರೆ, ಕಚ್ಚಾ ಎಣ್ಣೆಯ ಕಥೆ ಬೇರೆ. ನಮ್ಮ ಆನಂದ ಮೋಹನ್ ಚಕ್ರವರ್ತಿ ಅಮೆರಿಕದಲ್ಲಿ ಎಣ್ಣೆ ಒಡೆಯುವ ಬ್ಯಾಕ್ಟೀರಿಯಾ ರೂಪಿಸಿದ್ದನ್ನೂ, 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದಕ್ಕೆ ಪೇಟೆಂಟ್ ಕೊಡಬಹುದು ಎಂದದ್ದನ್ನೂ ನೀವು ಕೇಳಿರಬಹುದು. ಎಣ್ಣೆಯನ್ನು ಒಡೆದರೆ ಇಂಗಾಲದ ಡೈ ಆಕ್ಸೈಡ್, ನೀರು ಆಗಿ ಮುಗಿದುಹೋಗುತ್ತದೆ. ಅಲ್ಲಿ ‘ತಿನ್ನುತ್ತದೆ’ ಅನ್ನಬಹುದು. ಸೀಸವನ್ನು ಒಡೆಯಲು ಯಾವ ಜೀವಿಗೂ ಆಗುವುದಿಲ್ಲ. ಅದು ಮೂಲವಸ್ತು. ಕರಗಿದ್ದನ್ನು ಗಟ್ಟಿ ಮಾಡಬಹುದು, ಗಟ್ಟಿಯಾದದ್ದನ್ನು ಕರಗಿಸಬಹುದು, ಮೈಗೆ ಅಂಟಿಸಿಕೊಳ್ಳಬಹುದು. ಇಲ್ಲದಂತೆ ಮಾಡಲು ಬರುವುದಿಲ್ಲ.

ಹಾಗಾದರೆ ನಿಮ್ಮ ನೀರಿಗೆ ದಾರಿಯೇ ಇಲ್ಲವೇ? ಇದೆ. ಭತ್ತದ ಗದ್ದೆಯಲ್ಲಿ ಕಾಲು ಹೂತು ಎತ್ತಿದಾಗ ಕೆಳಗಿನ ಮಣ್ಣು ಕರ್ರಗೆ ಬರುತ್ತದಲ್ವಾ? ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಅದು ಇನ್ನೊಂದು ಪಂಗಡದ ಬ್ಯಾಕ್ಟೀರಿಯಾದ ಕೆಲಸ. ಡಿಸಲ್ಫೋವಿಬ್ರಿಯೊ ಮತ್ತದರ ಬಳಗ. ಇವಕ್ಕೆ ಗಾಳಿ ಆಗಿಬರುವುದಿಲ್ಲ. ನೀರಿನಲ್ಲಿ ಕರಗಿದ ಸಲ್ಫೇಟನ್ನು, ಅಂದರೆ ಆಮ್ಲಜನಕದ ಜೊತೆ ಕೂಡಿಕೊಂಡ ಗಂಧಕವನ್ನು, ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಆ ಅನಿಲ ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಕಂಡರೆ ಬಿಡುವುದಿಲ್ಲ, ಹಿಡಿದು ನೀರಿನಲ್ಲಿ ಕರಗದ ಹಿಟ್ಟಾಗಿ ತಳಕ್ಕೆ ಕೂರಿಸುತ್ತದೆ. ಅಂದರೆ ಮೊದಲನೇ ಬ್ಯಾಕ್ಟೀರಿಯಾ ಎಬ್ಬಿಸಿದ ಲೋಹವನ್ನು ಎರಡನೆಯದು ಮತ್ತೆ ಮಲಗಿಸುತ್ತದೆ. ನೆದರ್ಲೆಂಡ್ಸ್‌ನ ಬುಡೆಲ್ ಎಂಬಲ್ಲಿ ಸತುವಿನ ಕಾರ್ಖಾನೆಯವರು 1992ರಿಂದ ಇದನ್ನೇ ದೊಡ್ಡ ಟ್ಯಾಂಕುಗಳಲ್ಲಿ ಮಾಡಿ, ಕೂತ ಸತುವನ್ನು ತಿರುಗಿ ಕುಲುಮೆಗೆ ಹಾಕಿಕೊಂಡರು. ಟ್ಯಾಂಕಿಗೆ ದುಡ್ಡಿಲ್ಲದ ಕಡೆ ಕಾಲುವೆ ತೋಡಿ ಸುಣ್ಣದ ಕಲ್ಲು, ಸಗಣಿ ಗೊಬ್ಬರ, ಮರದ ಹೊಟ್ಟು ತುಂಬಿ, ಅದರೊಳಗೆ ಗಣಿಯ ನೀರು ನಿಧಾನವಾಗಿ ಜಿನುಗುವಂತೆ ಮಾಡುತ್ತಾರೆ. ಬ್ಯಾಕ್ಟೀರಿಯಾ ಕೊಳ್ಳುವ ಮಾತೇ ಇಲ್ಲ. ಸಗಣಿಯಲ್ಲೂ ಕೆಸರಿನಲ್ಲೂ ಅವು ಇದ್ದೇ ಇರುತ್ತವೆ.

ಆದರೆ ಒಂದು ತೊಡಕಿದೆ. ಆ ಕಾಲುವೆ ಸದಾ ನೀರಿನಲ್ಲಿ ಮುಳುಗಿರಬೇಕು. ಒಣಗಿ ಗಾಳಿ ಹೊಕ್ಕರೆ ಆ ಹಿಟ್ಟು ಮತ್ತೆ ಹುಳಿಯಾಗಿ ಕರಗುತ್ತದೆ. ದುರ್ಗದ ಬೇಸಿಗೆ ನಿಮಗೆ ನಾನು ಹೇಳಬೇಕೇ? ಇಡೀ ವರ್ಷ ಜಿನುಗು ಇರುವ ಜಾಗವಾದರೆ ಸರಿ, ಮಳೆಗಾಲಕ್ಕೆ ಮಾತ್ರ ಹರಿಯುವ ನೀರಿಗೆ ಇದು ಕೈ ಕೊಡುತ್ತದೆ. ಹತ್ತಾರು ವರ್ಷದಲ್ಲಿ ಕಾಲುವೆ ತುಂಬಿದ ಮೇಲೆ ಆ ಕೆಸರನ್ನು ಯಾರು ಎತ್ತಬೇಕು, ಎಲ್ಲಿ ಹಾಕಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಗುಡ್ಡೆಯ ಮೇಲ್ಗಡೆಯಿಂದ ಬರುವ ಮಳೆನೀರನ್ನು ಬದು ಹಾಕಿಸಿ ಬೇರೆ ಕಡೆ ತಿರುಗಿಸುವಂತೆ ಗ್ರಾಮ ಪಂಚಾಯ್ತಿಗೆ ಅರ್ಜಿ ಕೊಡುತ್ತಿದ್ದೆ. ಗುಡ್ಡೆಗೆ ನೀರು ಸೇರದಿದ್ದರೆ ಅರ್ಧ ಕಾಯಿಲೆ ಅಲ್ಲೇ ನಿಂತುಹೋಗುತ್ತದೆ. ಗುಡ್ಡೆಯ ಮೇಲೆ ಒಳ್ಳೇ ಮಣ್ಣು ಹೊದಿಸಿ ಹುಲ್ಲು ಹಿಡಿಸಿದರೆ ಗಾಳಿಯೂ ಕಡಿಮೆ ಹೋಗುತ್ತದೆ. ಆ ನೀರನ್ನು ದನಕ್ಕೆ ಕುಡಿಸಬೇಡಿ. ಹತ್ತಿರದಲ್ಲಿ ಬೋರು ಇದ್ದರೆ ನೀರು ಪರೀಕ್ಷೆ ಮಾಡಿಸಿ. ‘ಲೋಹಗಳನ್ನೂ ನೋಡಿ’ ಎಂದು ಬಾಯಿಬಿಟ್ಟು ಹೇಳಿ, ಮಾಮೂಲಿ ಪರೀಕ್ಷೆಯಲ್ಲಿ ಎಲ್ಲ ಲೋಹ ನೋಡುವುದಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಆರ್ಸೆನಿಕ್ 0.01. ಕಣ್ಣಿಗಾಗಲಿ ನಾಲಿಗೆಗಾಗಲಿ ಇದು ಸಿಗುವುದಿಲ್ಲ.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಕೊನೆಯ ವರ್ಷ. ಕ್ರೋಮಿಯಂ ಶುದ್ಧ ಮಾಡುವ ಬ್ಯಾಕ್ಟೀರಿಯಾ ಹುಡುಕುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಮಾದರಿ ತರಲು ದೂರದ ಕಾರ್ಖಾನೆಗೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ದಾವಣಗೆರೆ

ನೀನು ಅಂತಲೇ ಬರೆಯುತ್ತೇನಮ್ಮ. ದೂರ ಹೋಗಬೇಡ. ನಿಮ್ಮ ಕಾಲೇಜಿನ ಹಳೇ ಲ್ಯಾಬಿನ ಸಿಂಕು ಎಲ್ಲಿಗೆ ಹೋಗಿ ಬೀಳುತ್ತದೆ ಎಂದು ಹಿಂದೆ ಹೋಗಿ ನೋಡು.

ಇದನ್ನು ಹೇಳಲು ನನಗೆ ನಾಚಿಕೆ. ನಮ್ಮ ಕಾಲದಲ್ಲಿ ಗಾಜಿನ ಸಾಮಾನು ತೊಳೆಯುವುದು ಕ್ರೋಮಿಕ್ ಆಮ್ಲದಲ್ಲಿ. ಪೊಟ್ಯಾಸಿಯಂ ಡೈಕ್ರೋಮೇಟಿಗೆ ಗಂಧಕಾಮ್ಲ ಸೇರಿಸಿದ ಕೇಸರಿಗಪ್ಪು ದ್ರಾವಣ. ಪಿಪೆಟ್ಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದ್ರಾವಣ ಹಳತಾಗಿ ಹಸಿರಾದರೆ ಶನಿವಾರ ಸಿಂಕಿಗೆ ಸುರಿದು ನಲ್ಲಿ ಬಿಡುತ್ತಿದ್ದೆವು. ಸುರಿದವನು ಅಟೆಂಡರ್, ಸುರಿ ಅಂದವನು ನಾನು. ಕಟ್ಟಡದ ಹಿಂದಿನ ಬೇವಿನ ಮರದ ಬುಡದಲ್ಲಿ ತೆರೆದ ಚರಂಡಿ ಇತ್ತು, ಎಲ್ಲವೂ ಅಲ್ಲಿಗೆ. ಎಷ್ಟೋ ವರ್ಷದ ಮೇಲೆ ನಿನ್ನಂಥ ಒಬ್ಬ ಹುಡುಗಿ ಅದೇ ಚರಂಡಿಯ ಕೆಸರು ತಂದು, ಡೈಕ್ರೋಮೇಟ್ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಹರಡಿದಳು. ಮೂರನೇ ದಿನ ಗುಂಪು ಗುಂಪಾಗಿ ಬೆಳೆದಿದ್ದವು. ಅದರಲ್ಲಿ ಒಂದನ್ನು ಡೈಕ್ರೋಮೇಟ್ ಬೆರೆಸಿದ ನೀರಿನ ಫ್ಲಾಸ್ಕಿಗೆ ಹಾಕಿದರೆ ಹಳದಿ ಬಣ್ಣ ನಾಲ್ಕೇ ದಿನಕ್ಕೆ ಇಳಿಯಿತು. ಅವಳಿಗೆ ಖುಷಿಯೋ ಖುಷಿ. ನಾನು ಮಾತ್ರ ಕಿಟಕಿಯಿಂದ ಬೇವಿನ ಮರ ನೋಡುತ್ತಾ ಕೂತೆ. ಕ್ರೋಮಿಯಂ ಮುಟ್ಟದ ಮಣ್ಣಿನಲ್ಲೂ ಇಂಥ ಬ್ಯಾಕ್ಟೀರಿಯಾ ಸಿಗುತ್ತವೆ ಎಂಬುದು ನಿಜ. ಆದರೂ ಅಷ್ಟು ಸುಲಭವಾಗಿ, ಅಷ್ಟು ಜಾಸ್ತಿ ಸಿಕ್ಕಿದ್ದು ನನ್ನ ಶನಿವಾರಗಳ ಪುಣ್ಯದಿಂದ ಎಂದೇ ನನ್ನ ಗುಮಾನಿ.

ಈಗ ವಿಷಯ. ಡೈಕ್ರೋಮೇಟಿನಲ್ಲಿರುವುದು ಆರರ ಕ್ರೋಮಿಯಂ, ಅಂದರೆ ಆರು ಎಲೆಕ್ಟ್ರಾನ್ ಕಳೆದುಕೊಂಡ ರೂಪ. ಇದು ನೀರಿನಲ್ಲಿ ಸಲೀಸಾಗಿ ಕರಗಿ ಹರಿಯುತ್ತದೆ. ಜೀವಕೋಶ ತನಗೆ ಬೇಕೆಂದು ಒಳಗೆ ಬಿಟ್ಟುಕೊಳ್ಳುವ ಸಲ್ಫೇಟಿನ ವೇಷ ಹಾಕಿಕೊಂಡು ಬಾಗಿಲು ದಾಟುತ್ತದೆ, ಕ್ಯಾನ್ಸರ್ ತರುತ್ತದೆ. ಬ್ಯಾಕ್ಟೀರಿಯಾ ಇದಕ್ಕೆ ಮೂರು ಎಲೆಕ್ಟ್ರಾನ್ ಕೊಟ್ಟು ಮೂರರ ಕ್ರೋಮಿಯಂ ಮಾಡುತ್ತದೆ. ಅದು ಅಷ್ಟು ವಿಷವಲ್ಲ, ನೀರು ಹುಳಿಯಾಗಿರದಿದ್ದರೆ ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ. ಒಡಿಶಾದ ಸುಕಿಂದ ಕಣಿವೆಯಲ್ಲಿ ದೇಶದ ಬಹುಪಾಲು ಕ್ರೋಮೈಟ್ ಅದಿರು ಇದೆ. ಅಲ್ಲಿನ ಗಣಿ ಮಣ್ಣಿನಿಂದಲೂ ಇಂಥವನ್ನು ಹೆಕ್ಕಿ ತೆಗೆದಿದ್ದಾರೆ.

ಅಳೆಯಲು ಡೈಫಿನೈಲ್ ಕಾರ್ಬಜೈಡ್ ಪರೀಕ್ಷೆ ಸಾಕು. ಆರರ ಕ್ರೋಮಿಯಂ ಇದ್ದರೆ ನೇರಳೆ ಬಣ್ಣ ಬರುತ್ತದೆ. ಬಣ್ಣ ಅಳೆಯುವ ಯಂತ್ರದಲ್ಲಿ 540 ನ್ಯಾನೋಮೀಟರಿನ ಬೆಳಕಿನಲ್ಲಿ ಓದು. ಎಲ್ಲ ಹುಡುಗರೂ ಎಡವುವ ಜಾಗ ಇಲ್ಲೇ ಇದೆ. ನೇರಳೆ ಬರಲಿಲ್ಲ ಎಂದರೆ ಕ್ರೋಮಿಯಂ ಹೋಯಿತು ಎಂದು ಬರೆದುಬಿಡುತ್ತಾರೆ. ಎಲ್ಲಿಗೆ ಹೋಯ್ತು? ಫ್ಲಾಸ್ಕಿನಲ್ಲೇ ಇದೆ! ವೇಷ ಬದಲಿಸಿದೆ, ಅಷ್ಟೇ. ಒಟ್ಟು ಕ್ರೋಮಿಯಂ ಬೇರೆಯಾಗಿ ಅಳೆಸು. ಇನ್ನೆರಡು ಫ್ಲಾಸ್ಕು ಜೊತೆಗಿಡು. ಒಂದರಲ್ಲಿ ಬ್ಯಾಕ್ಟೀರಿಯಾ ಹಾಕಲೇಬೇಡ, ಯಾಕೆಂದರೆ ಆಹಾರಕ್ಕೆ ಹಾಕಿದ ಪದಾರ್ಥಗಳೇ ಒಂದಷ್ಟು ಕ್ರೋಮಿಯಂ ಇಳಿಸಬಹುದು. ಇನ್ನೊಂದರಲ್ಲಿ ಕಾಯಿಸಿ ಸಾಯಿಸಿದ ಬ್ಯಾಕ್ಟೀರಿಯಾ ಹಾಕು. ಸತ್ತ ಕೋಶಗಳ ಗೋಡೆಗೂ ಲೋಹ ಅಂಟುತ್ತದೆ. ಬ್ರೆಡ್ಡಿನ ಯೀಸ್ಟ್, ಪಾಚಿ, ಬೂಷ್ಟು ಎಲ್ಲಕ್ಕೂ ಈ ಗುಣ ಇದೆ. ನಿನ್ನ ಬ್ಯಾಕ್ಟೀರಿಯಾ ದುಡಿದದ್ದೆಷ್ಟು, ಸುಮ್ನೆ ಅಂಟಿದ್ದೆಷ್ಟು ಎಂದು ಬೇರ್ಪಡಿಸಿ ತೋರಿಸಿದರೆ ಪರೀಕ್ಷಕರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಲೀಟರಿಗೆ 50 ಮಿಲಿಗ್ರಾಂನಿಂದ ಶುರು ಮಾಡು. ಕುಡಿಯುವ ನೀರಿನ ಮಿತಿ 0.05. ಅಂದರೆ ನೀನು ಸಾವಿರ ಪಟ್ಟು ಇಳಿಸಬೇಕು. ನೂರಕ್ಕೆ 95 ಇಳಿಸಿದೆ ಎಂದು ಬೀಗಿದರೂ ಉಳಿಯುವುದು 2.5, ಮಿತಿಯ ಐವತ್ತು ಪಟ್ಟು. ಕೈಗವಸು ಹಾಕದೆ ಡೈಕ್ರೋಮೇಟ್ ಮುಟ್ಟಬೇಡ. ಮುಗಿದ ಮೇಲೆ ಸಿಂಕಿಗೆ ಸುರಿಯಬೇಡ. ಆಮ್ಲದಲ್ಲಿ ಫೆರಸ್ ಸಲ್ಫೇಟ್ ಹಾಕಿ ಹಳದಿ ಪೂರ್ತಿ ಹೋದ ಮೇಲೆ ಸುಣ್ಣ ಹಾಕಿ ಗಸಿ ಕೂರಿಸು. ಗಸಿಯನ್ನು ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಎಂದು ನಿಮ್ಮ ಮೇಷ್ಟ್ರ ಕೈಗೆ ಕೊಡು. ಅವರು ಗೊಣಗಿದರೆ ನನ್ನ ಬೇವಿನ ಮರದ ಕಥೆ ಹೇಳು.

ಪ್ರಶ್ನೆ: ಜೀವಾಮೃತ ಹಾಕಿದರೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಎಲ್ಲ ಹೋಗುತ್ತದೆ ಎಂದು ಒಬ್ಬರು ಹೇಳಿದರು. ನಮ್ಮದು ಭದ್ರಾ ನಾಲೆಯ ಭತ್ತದ ಗದ್ದೆ.
– ಮಲೇಬೆನ್ನೂರಿನ ಓದುಗರು

ಜೀವಾಮೃತದ ಬಗ್ಗೆ ನನಗೆ ತಕರಾರಿಲ್ಲ. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿಟ್ಟರೆ ಸೂಕ್ಷ್ಮಜೀವಿಗಳ ಜಾತ್ರೆಯೇ ನೆರೆಯುತ್ತದೆ. ಆದರೆ ಲೋಹ ‘ಹೋಗುತ್ತದೆ’ ಎಂದವರನ್ನು ಕೇಳಿ: ಎಲ್ಲಿಗೆ? ಪಕ್ಕದವರ ಗದ್ದೆಗಾ? ಭತ್ತದ ಕಾಳಿಗಾ?

ನಿಮ್ಮ ವಿಷಯದಲ್ಲಿ ಜೀವಾಮೃತಕ್ಕಿಂತ ನೀರು ನಿಲ್ಲಿಸುವ ಪದ್ಧತಿ ಮುಖ್ಯ. ಗದ್ದೆಯಲ್ಲಿ ನೀರು ನಿಂತಾಗ ನಾನು ಮೇಲೆ ಹೇಳಿದ ಕಪ್ಪು ಕೆಸರಿನ ಬ್ಯಾಕ್ಟೀರಿಯಾ ಕ್ಯಾಡ್ಮಿಯಂ ಅನ್ನು ಗಂಧಕಕ್ಕೆ ಕಟ್ಟಿಹಾಕುತ್ತವೆ. ಬೇರಿಗೆ ಅದು ಕಡಿಮೆ ಸಿಗುತ್ತದೆ. ತೆನೆ ಕಟ್ಟುವ ಹೊತ್ತಿಗೆ ನೀರು ಬಸಿದು ಒಣಗಿಸಿದರೆ ಬಿಡಿಸಿಕೊಂಡು ಕಾಳಿಗೆ ಏರುತ್ತದೆ. ಆರ್ಸೆನಿಕ್ ಇದಕ್ಕೆ ಪೂರಾ ಉಲ್ಟಾ. ಅದು ಒಣ ಮಣ್ಣಿನ ತುಕ್ಕಿಗೆ ಅಂಟಿಕೊಂಡಿರುತ್ತದೆ. ನೀರು ನಿಂತರೆ ಬೇರೆ ಬ್ಯಾಕ್ಟೀರಿಯಾಗಳು ತುಕ್ಕನ್ನು ಕರಗಿಸಿ ಆರ್ಸೆನಿಕ್ಕನ್ನು ನೀರಿಗೆ ಬಿಡುತ್ತವೆ. ಬಂಗಾಳದ ಕೊಳವೆಬಾವಿಗಳಿಗೆ ಆರ್ಸೆನಿಕ್ ಬಂದದ್ದರಲ್ಲೂ ಇವುಗಳ ಪಾತ್ರ ದೊಡ್ಡದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಅದಕ್ಕೇ ಮಣ್ಣಿನಲ್ಲಿ ಏನಿದೆ ಎಂದು ತಿಳಿಯದೆ ಯಾರ ಸಲಹೆಯನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ.

ಜಪಾನಿನ ಜಿನ್‌ಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಭತ್ತಕ್ಕೆ ಸೇರಿ ಜನರ ಮೂಳೆ ಪುಡಿಪುಡಿಯಾದವು. ಇಟಾಯ್ ಇಟಾಯ್ ಎಂದು ಆ ರೋಗದ ಹೆಸರು, ‘ನೋವು ನೋವು’ ಎಂದರ್ಥ. ಗಣಿಯೇ ಕಾರಣ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಅಷ್ಟು ಬುದ್ಧಿವಂತ ದೇಶವೂ ಕೊನೆಗೆ ಮಾಡಿದ್ದು ಗದ್ದೆಯ ಮೇಲ್ಮಣ್ಣನ್ನೇ ಬದಲಿಸುವ ಕೆಲಸ.

ನಿಮಗೆ ಅಷ್ಟು ಭಯ ಬೇಡ. ಒಂದು ಎಚ್ಚರ ಇರಲಿ: ಪೇಟೆಯ ಕಸದಿಂದ ಮಾಡಿದ ಗೊಬ್ಬರ ಅಗ್ಗಕ್ಕೆ ಸಿಕ್ಕಿತೆಂದು ಟ್ರ್ಯಾಕ್ಟರ್‌ಗಟ್ಟಲೆ ಹಾಕಿಸುವ ಮೊದಲು ಪರೀಕ್ಷಾ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅಂಥ ಗೊಬ್ಬರದ ಕಿಲೋ ಒಂದಕ್ಕೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಕ್ರೋಮಿಯಂ 50 ಮೀರಬಾರದು.

ಪ್ರಶ್ನೆ: ಮಂಡಕ್ಕಿ ಭಟ್ಟಿಯ ಬೂದಿಯನ್ನು ತಾರಸಿಯ ಕುಂಡಗಳಿಗೆ ಹಾಕಬಹುದೇ? ಕಾಂಪೋಸ್ಟಿನ ಬ್ಯಾಕ್ಟೀರಿಯಾ ಅದರ ದೋಷ ತೆಗೆಯುತ್ತದಾ?
– ಗೃಹಿಣಿ, ದಾವಣಗೆರೆ

ಭತ್ತದ ಹೊಟ್ಟು ಉರಿಸಿದ ಬೂದಿಯಾದರೆ ಸ್ವಲ್ಪ ಹಾಕಿ ತಾಯಿ, ಅದರಲ್ಲಿ ಬಹುಪಾಲು ಸಿಲಿಕಾ. ಹಳೇ ಟೈರು ಉರಿಸಿದ ಬೂದಿಯಾದರೆ ಖಂಡಿತ ಬೇಡ. ರಬ್ಬರ್ ಗಟ್ಟಿಯಾಗಲೆಂದು ಟೈರಿಗೆ ಸತುವಿನ ಆಕ್ಸೈಡ್ ಹಾಕಿರುತ್ತಾರೆ, ಟೈರಿನ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಸತುವೇ. ಉರಿದ ಮೇಲೆ ಅದು ಬೂದಿಯಲ್ಲಿ ಸಾಂದ್ರವಾಗಿ ಉಳಿಯುತ್ತದೆ, ಜೊತೆಗೆ ಚೂರುಪಾರು ಸೀಸ, ಕ್ಯಾಡ್ಮಿಯಂ. ಬೂದಿಯೊಳಗೆ ಒಂದು ಅಯಸ್ಕಾಂತ ಆಡಿಸಿ ನೋಡಿ. ಕೂದಲಿನಂಥ ತಂತಿಗಳು ಎದ್ದು ಬಂದರೆ ಅದು ಟೈರು. ಕುಂಡದಲ್ಲಿ ಬ್ಯಾಕ್ಟೀರಿಯಾ ಲೋಹವನ್ನು ಏನೇ ಮಾಡಿದರೂ ಅದು ಕುಂಡದಲ್ಲೇ ಇರುತ್ತದೆ, ಇಲ್ಲವೇ ನಿಮ್ಮ ಕರಿಬೇವಿನಲ್ಲಿ.

ಪ್ರಶ್ನೆ: ನಮ್ಮ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಬ್ಯಾಕ್ಟೀರಿಯಾ ತೆಗೆಯುತ್ತದೆಯೇ? ಕಾಯಿಸಿ ಕುಡಿದರೆ?
– ಹಿರಿಯೂರು

ಫ್ಲೋರೈಡ್ ಲೋಹವಲ್ಲ, ಆದರೂ ಒಡೆಯಲು ಬಾರದ ವಸ್ತುವೇ. ಬ್ಯಾಕ್ಟೀರಿಯಾ ನೆಚ್ಚಬೇಡಿ. ಕಾಯಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ತಂದುಕೊಳ್ಳಿ, ಅಥವಾ ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಹಾಕಿಸಿ.

ಪ್ರಶ್ನೆ: ಶಾಲೆಯಲ್ಲಿ ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿತು. ಮಕ್ಕಳು, ‘ಅದಕ್ಕೂ ಬ್ಯಾಕ್ಟೀರಿಯಾ ಇದೆಯಾ ಮಿಸ್?’ ಎಂದು ಕೇಳಿದರು.
– ಶಿಕ್ಷಕಿ, ಹರಿಹರ

ಇದೆ ಎನ್ನಿ. ಕೆಲವು ಬ್ಯಾಕ್ಟೀರಿಯಾ ಕರಗಿದ ಪಾದರಸದ ಲವಣವನ್ನು ಆವಿಯಾಗುವ ಪಾದರಸ ಮಾಡಿ ಹೊರಗೆ ಊದುತ್ತವೆ. ಅವು ಬಚಾವ್, ಆ ಗಾಳಿ ಉಸಿರಾಡುವ ನಾವು ಬಚಾವಲ್ಲ. ಕೆರೆಯ ತಳದ ಇನ್ನು ಕೆಲವು ಇನ್ನೂ ಕೆಟ್ಟವು. ಪಾದರಸವನ್ನು ಮೀಥೈಲ್ ಪಾದರಸ ಮಾಡುತ್ತವೆ, ಅದು ಮೀನಿನ ಮೈ ಸೇರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತದ ವಿಷವೂ ಇದೇ ಮೀಥೈಲ್ ಪಾದರಸ, ಅಲ್ಲಿ ಮಾತ್ರ ಕಾರ್ಖಾನೆಯೇ ಅದನ್ನು ಕೊಲ್ಲಿಗೆ ಬಿಟ್ಟಿತ್ತು. ಚೆಲ್ಲಿದ್ದನ್ನು ಪೊರಕೆಯಲ್ಲಿ ಗುಡಿಸಬೇಡಿ. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆಗೆದು, ಎರಡು ಗಟ್ಟಿ ಕಾಗದದಲ್ಲಿ ಹನಿಗಳನ್ನು ಕೂಡಿಸಿ, ಮುಚ್ಚಳ ಬಿಗಿಯಿರುವ ಬಾಟಲಿಗೆ ಹಾಕಿ.

ಪ್ರಶ್ನೆ: ಬ್ಯಾಕ್ಟೀರಿಯಾ ಚಿನ್ನ ಕಕ್ಕುತ್ತದಂತೆ. ಮನೆಯಲ್ಲಿ ಸಾಕಬಹುದೇ ಮೇಷ್ಟ್ರೇ?
– ಹೊಸದುರ್ಗದ ಹಳೇ ವಿದ್ಯಾರ್ಥಿ

ನಿನ್ನ ಅಕ್ಷರ ಇನ್ನೂ ಹಾಗೇ ಇದೆ, ಗುರುತು ಸಿಕ್ಕಿತು! ಅದರ ಹೆಸರು ಕ್ಯುಪ್ರಿಯಾವಿಡಸ್ ಮೆಟಲಿಡ್ಯುರಾನ್ಸ್. 1976ರಲ್ಲಿ ಬೆಲ್ಜಿಯಂನ ಸತುವಿನ ಕಾರ್ಖಾನೆಯೊಂದರ ಕೆಸರಿನಲ್ಲಿ ಸಿಕ್ಕಿತು. ಆಮೇಲೆ ಆಸ್ಟ್ರೇಲಿಯಾದ ಚಿನ್ನದ ಕಣಗಳ ಮೇಲೂ ಇದರ ಬಳಗ ಕಂಡಿತು. ಕರಗಿದ ಚಿನ್ನ ಇದಕ್ಕೆ ವಿಷ. ಅದನ್ನು ಗಟ್ಟಿ ಕಣ ಮಾಡಿ ತನ್ನ ಜೀವ ಉಳಿಸಿಕೊಳ್ಳುತ್ತದೆ. ನಮ್ಮ ಹಟ್ಟಿ ಗಣಿಯ ಅದಿರಿನ ಮೇಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎ. ನಟರಾಜನ್ ಬ್ಯಾಕ್ಟೀರಿಯಾ ಬಿಟ್ಟು ಕೆಲಸ ಮಾಡಿದ್ದಾರೆ. ಅದು ಬೇರೆ ಜಾತಿ, ನಾನು ಮೊದಲ ಉತ್ತರದಲ್ಲಿ ಹೇಳಿದ ಹುಳಿ ನೀರಿನ ಗಿರಾಕಿ. ಚಿನ್ನವನ್ನು ಮುಚ್ಚಿಕೊಂಡಿರುವ ಗಂಧಕದ ಕಲ್ಲನ್ನು ಸಡಿಲ ಮಾಡುವುದು ಅದರ ಕೆಲಸ.

ಸಾಕುವುದಾದರೆ ಸಾಕು. ಒಂದು ಗ್ರಾಂ ಚಿನ್ನ ಕಕ್ಕಬೇಕಾದರೆ ಒಂದು ಗ್ರಾಂ ಚಿನ್ನ ಕರಗಿಸಿ ಕುಡಿಸಬೇಕು. ಕರಗಿಸುವ ಆಮ್ಲದ ಖರ್ಚು ಬೇರೆ.